ಶಿವವ್ವನ ದನಿ

ಆ ಮಂಗಳವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಜಯನಗರದ ಸಮಾಜಕಾರ್ಯ ಕಾಲೇಜಿನ ಕಚೇರಿಗೆ ಒಂದು ಫೋನು ಬಂದಿತ್ತು. ಅದರ ಸುದ್ದಿ ವಿಜಯಲಕ್ಷ್ಮಿಯ ಕಿವಿಗೆ ಬಿದ್ದದ್ದು ಮಧ್ಯಾಹ್ನ ಒಂದೂವರೆಗೆ, ಎರಡನೇ ವರ್ಷದವರ ತರಗತಿ ಮುಗಿಸಿ ಹಾಜರಿ ಪುಸ್ತಕ ಇಡಲು ಕಚೇರಿಗೆ ಹೋದಾಗ.

ಕಚೇರಿ ನೋಡಿಕೊಳ್ಳುತ್ತಿದ್ದ ಮೀನಾಕ್ಷಮ್ಮ ಒಳ್ಳೆಯ ಹೆಂಗಸು. ಇಪ್ಪತ್ತೆರಡು ವರ್ಷಗಳಿಂದ ಅದೇ ಕಿಟಕಿಯ ಪಕ್ಕ ಕೂತು, ಯಾರು ಏನು ಕೇಳಿದರೂ ಇಲ್ಲವೆನ್ನದೆ ತಿಳಿಸಿ ಕಳಿಸುತ್ತಿದ್ದರು. ಹಾಜರಿ ಪುಸ್ತಕ ತೆಗೆದುಕೊಳ್ಳುತ್ತ ಅವರು ಸಹಜವಾಗಿಯೇ ಹೇಳಿದರು.

“ನಿಮ್ ಕಡೆಯವ್ರೊಬ್ರು ಫೋನ್ ಮಾಡಿದ್ರು ಮೇಡಂ. ಗುರುಸಿದ್ದ ಅಂತೆ. ನೀವು ವಿಡಿಯೋದಲ್ಲಿ ಮಾತಾಡಿಸಿದೀರಲ್ಲ ಒಬ್ಬ ಹೆಂಗಸು, ಅವಳ ಅಣ್ಣ. ತಾಯಿಗೆ ತುಂಬಾ ಸೀರಿಯಸ್ಸಂತೆ, ಅವಳಿಗೆ ತಿಳಿಸ್ಬೇಕು ಅಂದ್ರು. ಪಾಪ, ಎಷ್ಟು ಮರ್ಯಾದೆಯಾಗಿ ಮಾತಾಡಿದ್ರು.”

ವಿಜಯಲಕ್ಷ್ಮಿ ಏನು ಹೇಳಿದಿರಿ ಎಂದು ಕೇಳಿದಳು. ಮಂಗಳವಾರ, ಶುಕ್ರವಾರ ಮಧ್ಯಾಹ್ನ ಮೇಡಂ ತಿಲಕ್ ನಗರದ ಕ್ಷೇತ್ರಕಾರ್ಯದ ಕೇಂದ್ರಕ್ಕೆ ಹೋಗುತ್ತಾರೆ, ಆ ಹೆಂಗಸೂ ಅಲ್ಲೇ ಸುತ್ತಮುತ್ತ ಇರಬೇಕು, ಮೇಡಂ ಹತ್ತಿರವೇ ವಿಚಾರಿಸಿ ಎಂದು ಹೇಳಿದ್ದರಂತೆ. ಅದರಲ್ಲಿ ತಪ್ಪೇನಿದೆ ಎಂಬಂತೆ ಮೀನಾಕ್ಷಮ್ಮ ತಲೆಯೆತ್ತಿ ನೋಡಿದರು.

“ಅವ್ರು ಮಾತು ಹೇಗೆ ಶುರು ಮಾಡಿದ್ರು ಮೀನಾಕ್ಷಮ್ಮ? ನೆನಪಿದೆಯಾ?”

“ಒಂದ್ಸಲ ಕೆಮ್ಮಿದ್ರು. ಆಮೇಲೆ, ಒಂದ್ ಸಣ್ಣ ಮಾತಿತ್ರೀ ಅಂದ್ರು.”

ಮೀನಾಕ್ಷಮ್ಮ ಹೇಳುತ್ತಿದ್ದ ಹೆಂಗಸು ಶಿವವ್ವ. ಶಿವವ್ವನಿಗೆ ಅಣ್ಣನೂ ಇರಲಿಲ್ಲ, ತಮ್ಮನೂ ಇರಲಿಲ್ಲ. ತಾಯಿ ಸತ್ತು ಹನ್ನೊಂದು ವರ್ಷವಾಗಿತ್ತು. ಒಣಗಿದ ಕೆಮ್ಮು ಕೆಮ್ಮಿ, ‘ಒಂದ್ ಸಣ್ಣ ಮಾತಿತ್ತು’ ಎಂದು ಶುರು ಮಾಡುತ್ತಿದ್ದವನು ಅವಳ ಗಂಡ ಬಸವಂತ. ಆ ಮಾತು ಹೇಳಿದ ಮೇಲೆ ಅವನು ಬಾಗಿಲ ಚಿಲಕ ಹಾಕುತ್ತಿದ್ದ. ದನಿ ಏರಿಸುತ್ತಿರಲಿಲ್ಲ. ಪಕ್ಕದ ಮನೆಯವರಿಗೆ ಒಂದು ದಿನವೂ ಅವನ ದನಿ ಕೇಳಿಸಿದ್ದಿಲ್ಲ ಎಂದು ಶಿವವ್ವ ಹೇಳಿದ್ದಳು. ಆ ಮನುಷ್ಯನನ್ನು ವಿಜಯಲಕ್ಷ್ಮಿ ಒಮ್ಮೆಯೂ ನೋಡಿರಲಿಲ್ಲ. ಆದರೆ ಆರು ತಾಸಿನ ಧ್ವನಿಮುದ್ರಣವನ್ನು ಮತ್ತೆ ಮತ್ತೆ ಕೇಳಿ ಅಕ್ಷರಕ್ಕಿಳಿಸಿದವಳು ಅವಳು. ಅವನು ಚಪ್ಪಲಿ ಬಿಡುವ ರೀತಿ ಕೂಡ ಅವಳಿಗೆ ಗೊತ್ತಿತ್ತು.

ವಿಜಯಲಕ್ಷ್ಮಿ ಗದಗಿನ ಕಡೆಯವಳು. ಸಮಾಜಕಾರ್ಯ ಓದಲು ಬೆಂಗಳೂರಿಗೆ ಬಂದು, ಓದಿದ ಕಾಲೇಜಿನಲ್ಲೇ ಪಾಠ ಹೇಳುವ ಕೆಲಸ ಹಿಡಿದು, ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದಳು. ಗಂಡನ ಹೊಡೆತಕ್ಕೆ ಊರು ಬಿಟ್ಟು ಬಂದ ಹೆಂಗಸರು ಈ ನಗರದಲ್ಲಿ ಹೇಗೆ ತಮ್ಮನ್ನು ಕಾಪಾಡಿಕೊಳ್ಳುತ್ತಾರೆ ಎಂಬುದು ಅವಳ ಸಂಶೋಧನೆ. ಹನ್ನೊಂದು ಮಂದಿ ಮಾತಾಡಿದ್ದರು. ಅವರಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡಿದವಳು ಶಿವವ್ವ. ಏಳು ವರ್ಷದ ಮಗಳು ಉಮಾಶ್ರೀಯನ್ನು ಕಟ್ಟಿಕೊಂಡು ಎರಡು ವರ್ಷದ ಹಿಂದೆ ರಾತ್ರಿ ಬಸ್ಸು ಹತ್ತಿ ಬಂದವಳು, ತಿಲಕ್ ನಗರದ ಒಂದು ಒಳ ಓಣಿಯಲ್ಲಿ ಮನೆ ಮಾಡಿ, ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದಳು. ತನ್ನೂರಿನ ಮಾತು ಕಿವಿಗೆ ಬಿದ್ದದ್ದಕ್ಕೇ ಅವಳು ವಿಜಯಲಕ್ಷ್ಮಿಯ ಎದುರು ಬಾಯಿ ಬಿಟ್ಟಿದ್ದು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಒಂದೇ ಪ್ರಶ್ನೆ ಕೇಳಿದ್ದಳು, ನನ್ನ ದನಿ ಯಾರು ಕೇಳುತ್ತಾರೆ ಎಂದು. ನಾನು ಮತ್ತು ನನ್ನ ವಿದ್ಯಾರ್ಥಿಗಳು ಎಂದು ವಿಜಯಲಕ್ಷ್ಮಿ ಹೇಳಿದ್ದಳು. ಹೇಳಿದಾಗ ಅದು ಸುಳ್ಳಾಗಿರಲಿಲ್ಲ.

ಎರಡು ತಿಂಗಳ ಹಿಂದೆ ನಾಲ್ಕು ದೇಶಗಳ ಸಮಾಜಕಾರ್ಯ ಶಿಕ್ಷಕರು ಸೇರಿದ ಆನ್‌ಲೈನ್ ಸಭೆ ನಡೆಯಿತು. ಹೊರದೇಶದ ಒಂದು ವಿಶ್ವವಿದ್ಯಾಲಯದ ಜೊತೆ ಕಾಲೇಜು ಮಾಡಿಕೊಂಡ ಒಪ್ಪಂದದ ಮೊದಲ ಕಾರ್ಯಕ್ರಮ. ಪ್ರಾಂಶುಪಾಲ ಮರುಳಸಿದ್ದಪ್ಪನವರು ಹೊಸ ಕೋಟು ಹಾಕಿಕೊಂಡು ಬಂದಿದ್ದರು. ವಿಜಯಲಕ್ಷ್ಮಿ ತನ್ನ ಉಪನ್ಯಾಸದ ನಡುವೆ ಎರಡು ನಿಮಿಷ ಶಿವವ್ವನ ಮಾತು ಕೇಳಿಸಿದಳು. ಹೆಸರು ಬದಲಿಸಿದ್ದಳು, ಊರು ಬದಲಿಸಿದ್ದಳು, ಮಗಳನ್ನು ಮಗನನ್ನಾಗಿ ಮಾಡಿದ್ದಳು. ದನಿಯೊಂದನ್ನು ಹಾಗೇ ಬಿಟ್ಟಳು. ಬದಲಿಸಿ ನೋಡಿದಾಗ ಅದು ಡಬ್ಬದೊಳಗಿಂದ ಮಾತಾಡಿದಂತೆ ಕೇಳಿಸಿ, ಅಳುವ ಜಾಗದಲ್ಲಿ ನಗು ಬರುವಂತಾಗಿತ್ತು. ಕೇಳುವವರಲ್ಲಿ ಕನ್ನಡ ಬಲ್ಲವರೇ ಇಲ್ಲವಲ್ಲ, ಕೆಳಗೆ ಇಂಗ್ಲಿಷ್ ಸಾಲು ಓಡುತ್ತದಲ್ಲ ಎಂದುಕೊಂಡಳು.

ಆ ವಿಶ್ವವಿದ್ಯಾಲಯದವರು ಸಭೆಯ ವಿಡಿಯೋವನ್ನು ಯೂಟ್ಯೂಬಿಗೆ ಹಾಕಿದರು. ಯಾರೋ ಪುಣ್ಯಾತ್ಮರು ಆ ಎರಡು ನಿಮಿಷವನ್ನಷ್ಟೇ ಕತ್ತರಿಸಿ, ನಮ್ಮ ಭಾಗದ ಹೆಣ್ಣುಮಗಳ ಕಣ್ಣೀರು ಎಂದು ಬರೆದು ವಾಟ್ಸಾಪಿನಲ್ಲಿ ಹರಿಬಿಟ್ಟರು. ಹೋದ ವಾರ ಗದಗಿನಿಂದ ತಂಗಿಯೇ ಅದನ್ನು ವಿಜಯಲಕ್ಷ್ಮಿಗೆ ಕಳಿಸಿ, ಅಕ್ಕಾ ನಿನ್ನ ಹೆಸರು ಎಲ್ಲ ಕಡೆ ಆಗೇತಿ ಎಂದು ಬರೆದಿದ್ದಳು. ವಿಜಯಲಕ್ಷ್ಮಿ ಖುಷಿಪಟ್ಟು ಕೈಮುಗಿದ ಚಿತ್ರ ಕಳಿಸಿದ್ದಳು. ಈಗ ಕಚೇರಿಯ ಮೇಜಿನ ಮುಂದೆ ನಿಂತವಳಿಗೆ ಅದೇ ನೆನಪಾಯಿತು. ಅಷ್ಟು ದೂರ ಹೋದದ್ದು ಬಸವಂತನ ಮೊಬೈಲಿಗೂ ಹೋಗಿತ್ತು. ವಿಡಿಯೋದಲ್ಲಿ ಕಾಲೇಜಿನ ಹೆಸರಿತ್ತು, ತಿಲಕ್ ನಗರದ ಕೇಂದ್ರದ ಚಿತ್ರವಿತ್ತು, ಅವಳ ಮುಖವಿತ್ತು.

ಶಿವವ್ವನಿಗೆ ಫೋನು ಮಾಡಿದಳು. ಸ್ವಿಚ್ ಆಫ್. ಗಾರ್ಮೆಂಟ್ಸಿನಲ್ಲಿ ಬೆಳಿಗ್ಗೆ ಮೊಬೈಲು ಗೇಟಿನಲ್ಲಿ ಕೊಟ್ಟು ಒಳಗೆ ಹೋದರೆ ಸಿಗುವುದು ಸಂಜೆ ಐದೂವರೆಗೆ. ಕಾರ್ಖಾನೆಯ ನಂಬರು ಅವಳ ಬಳಿ ಇರಲಿಲ್ಲ. ಉಮಾಶ್ರೀಯ ಶಾಲೆ ಬಿಡುವುದು ನಾಲ್ಕಕ್ಕೆ.

ಮರುಳಸಿದ್ದಪ್ಪನವರ ಕೊಠಡಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೆಟ್ಟವರಲ್ಲ, ಆದರೆ ಅವರ ಮುಖದಲ್ಲೂ ಹೆದರಿಕೆಯೇ ಕಾಣಿಸಿತು. ಅದು ಬೇರೆ ಹೆದರಿಕೆ. ಮೊದಲು ವಿಡಿಯೋ ತೆಗೆಸಿ ಎಂದರು. ಹೊರದೇಶದವರಿಗೆ ಬರೆದದ್ದಾಗಿದೆ, ಅಲ್ಲಿ ಈಗ ರಾತ್ರಿ, ಅವರು ಏಳುವತನಕ ಏನೂ ಆಗುವುದಿಲ್ಲ ಎಂದಳು. ಫೋನು ಮಾಡಿದವನು ನಿಜವಾಗಿ ಅವಳ ಗಂಡನೇ ಎಂದು ಹೇಗೆ ಹೇಳುತ್ತೀರಿ ಎಂದು ಕೇಳಿದರು. ಆಮೇಲೆ ತಗ್ಗಿದ ದನಿಯಲ್ಲಿ, “ಆ ಹೆಂಗಸಿಗೆ ಸದ್ಯಕ್ಕೆ ಹೇಳೋದ್ ಬೇಡಮ್ಮ. ಸುಮ್ನೆ ಗಾಬರಿ ಆಗ್ತಾಳೆ. ಎಥಿಕ್ಸ್ ಕಮಿಟಿಗೆ ಹೋದ್ರೆ ನಿಮ್ ಪಿಎಚ್‌ಡಿನೂ ನಿಂತೋಗುತ್ತೆ, ಒಪ್ಪಂದನೂ ಹೋಗುತ್ತೆ,” ಎಂದರು.

ಅಂದು ಬೆಳಿಗ್ಗೆಯಷ್ಟೇ ವಿಜಯಲಕ್ಷ್ಮಿ ಒಪ್ಪಿಗೆಯ ಬಗ್ಗೆಯೇ ಪಾಠ ಮಾಡಿದ್ದಳು. ಹೇಳದೆ ಇರಲು ಆಗುವುದಿಲ್ಲ ಸಾರ್ ಎಂದಷ್ಟೇ ಹೇಳಿ ಹೊರಬಂದಳು. ತಿಲಕ್ ನಗರಕ್ಕೆ ಆಟೋದಲ್ಲಿ ಹತ್ತು ನಿಮಿಷ. ಕಾರ್ಖಾನೆಯ ಗೇಟಿನಲ್ಲಿ ಜಗಳ ಮಾಡಿಯಾದರೂ ಶಿವವ್ವನನ್ನು ಹೊರಗೆ ಕರೆಸಬೇಕು, ಮಗುವನ್ನು ಶಾಲೆಯಿಂದ ಕರೆದುಕೊಳ್ಳಬೇಕು, ಇಬ್ಬರನ್ನೂ ಎಲ್ಲಾದರೂ ಸೇರಿಸಬೇಕು. ಚೀಲ ಹೆಗಲಿಗೆ ಹಾಕಿ ಗೇಟು ದಾಟಿದಾಗ ಎರಡೂವರೆ.

ಎದುರುಗಡೆಯ ಫುಟ್‌ಪಾತಿನಲ್ಲಿ ಎಳನೀರಿನ ಗಾಡಿಯ ಪಕ್ಕ ಒಬ್ಬ ನಿಂತಿದ್ದ. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ಕೈಯಲ್ಲಿ ಬಟ್ಟೆಯ ಚೀಲ. ಮದುವೆಗೆ ಬಂದ ನೆಂಟನಂತಿದ್ದ. ಮೊಬೈಲು ನೋಡಿದ, ತಲೆಯೆತ್ತಿ ಅವಳ ಮುಖ ನೋಡಿದ, ಮತ್ತೆ ಮೊಬೈಲು ನೋಡಿದ.

ಆಟೋ ನಿಲ್ಲಿಸಲು ಎತ್ತಿದ್ದ ಕೈಯನ್ನು ವಿಜಯಲಕ್ಷ್ಮಿ ಮೆಲ್ಲಗೆ ಇಳಿಸಿದಳು. ಅವನಿಗೆ ಶಿವವ್ವನ ಮನೆ ಗೊತ್ತಿಲ್ಲ. ಗೊತ್ತಿದ್ದರೆ ಇಲ್ಲೇಕೆ ನಿಲ್ಲುತ್ತಿದ್ದ? ಅವನು ಕಾಯುತ್ತಿರುವುದು ದಾರಿ ತೋರಿಸುವವರಿಗೆ. ತಾನು ಈಗ ಹೆದರಿ ಓಡಿದರೆ ಅವನನ್ನು ನೆಟ್ಟಗೆ ಅವಳ ಬಾಗಿಲಿಗೇ ಕರೆದೊಯ್ದಂತೆ. ಇದು ಹೊಳೆದ ಕೂಡಲೇ ತಿರುಗಿ ನೋಡದೆ, ತಿಲಕ್ ನಗರಕ್ಕೆ ಬೆನ್ನು ಹಾಕಿ, ಮೆಟ್ರೋ ನಿಲ್ದಾಣದ ಕಡೆ ನಡೆಯತೊಡಗಿದಳು.

ನಿಲ್ದಾಣದ ಮೆಟ್ಟಿಲು ಹತ್ತುತ್ತಲೇ ಮಾರಮ್ಮನಿಗೆ ಫೋನು ಮಾಡಿದಳು. ಮಾರಮ್ಮ ತಿಲಕ್ ನಗರದ ಆಶಾ ಕಾರ್ಯಕರ್ತೆ. ಆ ಓಣಿಗಳಲ್ಲಿ ಯಾವ ಮನೆಯಲ್ಲಿ ಯಾರಿಗೆ ಎಷ್ಟನೇ ತಿಂಗಳು ಎಂಬುದರಿಂದ ಹಿಡಿದು ಎಲ್ಲವನ್ನೂ ಬಲ್ಲವಳು. ಶಿವವ್ವನನ್ನು ಸಂಶೋಧನೆಗೆ ಪರಿಚಯಿಸಿದವಳೂ ಅವಳೇ. ಮೊದಲ ಸಲ ಎತ್ತಲಿಲ್ಲ. ಎರಡನೇ ಸಲವೂ ಇಲ್ಲ. ಮೂರನೇ ಸಲ ಎತ್ತಿದಳು.

“ಮಾರಮ್ಮ, ಶಿವವ್ವನ ಗಂಡ ಬಂದಿದ್ದಾನೆ. ನನ್ ಹಿಂದೇನೆ ಇದಾನೆ. ಮೊದಲು ಮಗು, ಆಮೇಲೆ ಅವಳು. ಇಬ್ರನ್ನೂ ತಿಲಕ್ ನಗರದಿಂದ ಹೊರಗೆ ಕರ್ಕೊಂಡ್ ಹೋಗಿ. ಮೆಸೇಜ್ ಹಾಕ್ಬೇಡಿ, ಅವನ ಕಣ್ಣಿಗೆ ಬೀಳುತ್ತೆ. ಇಬ್ರೂ ನಿಮ್ ಜೊತೆ ಸೇರಿದ್ಮೇಲೆ ನನಗೆ ಮೂರು ಮಿಸ್ಡ್ ಕಾಲ್ ಕೊಡಿ.”

ಮಾರಮ್ಮ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಸರಿ ಎಂದು ಫೋನು ಇಟ್ಟಳು.

ರೈಲು ಬಂತು. ಬಾಗಿಲು ಮುಚ್ಚುವಾಗ ಓರೆಗಣ್ಣಿನಲ್ಲಿ ನೋಡಿದಳು. ಬಿಳಿ ಅಂಗಿ ಪಕ್ಕದ ಡಬ್ಬಿಯಲ್ಲಿತ್ತು. ಇಳಿದು ನಿಲ್ದಾಣದ ಕಾವಲಿನವನಿಗೆ ಹೇಳಿಬಿಡಲೇ ಎಂದುಕೊಂಡಳು. ಹೇಳಿದರೆ ಏನಾಗುತ್ತದೆ? ನಾನೇನು ಮಾಡಿದೆ ಸಾರ್ ಎನ್ನುತ್ತಾನೆ. ನಿಜಕ್ಕೂ ಅವನು ಏನೂ ಮಾಡಿರಲಿಲ್ಲ. ಬಿಟ್ಟು ಕಳಿಸುತ್ತಾರೆ, ಅಲ್ಲಿಂದಾಚೆ ಅವನು ಎಲ್ಲಿದ್ದಾನೆಂದು ಯಾರಿಗೂ ತಿಳಿಯುವುದಿಲ್ಲ. ಅವನು ತನ್ನ ಕಣ್ಣೆದುರು ಇರುವಷ್ಟು ಹೊತ್ತು ತಿಲಕ್ ನಗರದಲ್ಲಿ ಇಲ್ಲ. ಅಷ್ಟನ್ನೇ ಗಟ್ಟಿಯಾಗಿ ಹಿಡಿದುಕೊಂಡಳು.

ಬನಶಂಕರಿಯಲ್ಲಿ ಜನ ಹೆಚ್ಚು, ಅಲ್ಲೇ ಇಳಿದಳು. ಪ್ಲಾಟ್‌ಫಾರ್ಮಿನ ಕಲ್ಲಿನ ಬೆಂಚಿನ ಮೇಲೆ ಕೂತು ಮೊಬೈಲನ್ನು ತೊಡೆಯ ಮೇಲೆ ಬೋರಲು ಹಾಕಿ, ಅದರ ಮೇಲೆ ಅಂಗೈ ಇಟ್ಟಳು. ರೈಲು ಹೋಯಿತು. ಪಕ್ಕದಲ್ಲಿ ಯಾರೋ ಕೂತದ್ದು ಗೊತ್ತಾಯಿತು. ಒಣಗಿದ ಕೆಮ್ಮು.

“ಅಕ್ಕೋರ, ಒಂದ್ ಸಣ್ಣ ಮಾತಿತ್ರಿ.”

ಆರು ತಾಸಿನ ಮುದ್ರಣದಲ್ಲಿ ಶಿವವ್ವನ ಬಾಯಲ್ಲಿ ಕೇಳಿದ್ದ ಮಾತು ಈಗ ಅವನದೇ ಬಾಯಿಂದ ಬಂದಿತ್ತು. ಹೇಳಿ ಎಂದಳು. ಅವನ ದನಿ ಶಿವವ್ವ ಹೇಳಿದ್ದಕ್ಕಿಂತ ಮೃದುವಾಗಿತ್ತು. ತಾನು ಬಸವಂತ, ಫೋನಿನಲ್ಲಿ ಸುಳ್ಳು ಹೆಸರು ಹೇಳಿದ್ದಕ್ಕೆ ಬೇಜಾರು ಮಾಡಿಕೊಳ್ಳಬಾರದು ಎಂದ. ನೀವು ನಮ್ಮ ಕಡೆಯವರು, ನಿಮಗೆ ಅರ್ಥವಾಗುತ್ತದೆ ಎಂದ. ಮನೆಯ ಹೆಣ್ಣುಮಗಳು ದಾರಿ ತಪ್ಪಿದರೆ ಹುಡುಕುವುದು ತಪ್ಪೇ ಎಂದು ಕೇಳಿದ. ಆಮೇಲೆ ಮೊಬೈಲು ತೆಗೆದು ಆ ವಿಡಿಯೋ ಹಾಕಿದ.

ಜನರ ಗದ್ದಲದ ನಡುವೆ ಶಿವವ್ವನ ದನಿ ಕೇಳಿಸಿತು. ಅದರ ನಡುವೆ, ಮೆಲ್ಲಗೆ, ವಿಜಯಲಕ್ಷ್ಮಿಯದೇ ದನಿ: ಆಮ್ಯಾಲೆ? ಶಿವವ್ವ ಮುಂದುವರಿಸುತ್ತಾಳೆ. ಮತ್ತೆ ಅದೇ ದನಿ: ಆಮ್ಯಾಲೆ?

ಬಸವಂತ ವಿಡಿಯೋ ನಿಲ್ಲಿಸಿದ. “ಛಲೋ ಕೇಳ್ತೀರಿ ನೀವು. ನನ್ನ ಮುಂದ ಬಾಯಿ ತಗೀತಿದ್ದಿಲ್ಲ ಆಕಿ. ನಿಮ್ಮ ಮುಂದ ಹೆಂಗ ಹೇಳ್ಕೋತ ಹೋಗ್ಯಾಳ ನೋಡ್ರಿ.” ಮೊಬೈಲು ಜೇಬಿಗಿಟ್ಟು ಹೇಳಿದ, “ತಿಲಕ್ ನಗರದಾಗ ಸಾಲಿ ಭಾಳ ಇಲ್ರಿ. ಮುಂಜಾನೆ ಅಡ್ಡಾಡಿ ನೋಡೀನಿ. ನನ್ನ ಮಗಳ ಮಾರಿ ನನಗ ಗುರ್ತು ಸಿಗೂದಿಲ್ಲೇನು? ಆದ್ರ ಹಂಗ ಮಾಡೂದು ಬ್ಯಾಡ, ಮರ್ಯಾದಿಲೆ ನೀವ ಕರ್ಕೊಂಡು ಹೋಗ್ರಿ ಅಂತ ಬಂದೆ.”

ಎದುರಿನ ಗಡಿಯಾರದಲ್ಲಿ ಮೂರು ಗಂಟೆ ಐದು ನಿಮಿಷ. ಮಾರಮ್ಮ ಶಾಲೆ ತಲುಪಿರಬೇಕು, ಅಥವಾ ಇಲ್ಲ. ಇವನನ್ನು ಇಲ್ಲಿ ಕೂರಿಸಬೇಕು. ಅದಕ್ಕೆ ಅವಳ ಬಳಿ ಇದ್ದದ್ದು ಒಂದೇ ವಿದ್ಯೆ, ಹನ್ನೊಂದು ಹೆಂಗಸರ ಮುಂದೆ ಕೂತು ಮಾಡಿದ್ದು, ವಿದ್ಯಾರ್ಥಿಗಳಿಗೆ ವರ್ಷಗಟ್ಟಲೆ ಕಲಿಸಿದ್ದು. ಅವನ ಕಡೆ ಸ್ವಲ್ಪ ತಿರುಗಿ ಕೂತಳು.

“ಆಕಿ ಹೋದ ಮ್ಯಾಲೆ ನಿಮಗ ಹೆಂಗಾತು, ಅದನ್ನ ಹೇಳ್ರಿ,” ಎಂದಳು ತಮ್ಮೂರಿನ ಮಾತಿನಲ್ಲಿ. “ನಾ ಆಕಿ ಮಾತಷ್ಟ ಕೇಳೀನಿ. ನಿಮ್ಮದು ಕೇಳಿಲ್ಲ.”

ಅವನು ಅವಳನ್ನು ದಿಟ್ಟಿಸಿ ನೋಡಿದ. ಇದನ್ನೂ ರೆಕಾರ್ಡು ಮಾಡುತ್ತಿದ್ದೀರೇನು ಎಂದು ಕೇಳಿದ. ಇಲ್ಲ ಎಂದಳು. ನಿಜವಾಗಿಯೂ ಮಾಡುತ್ತಿರಲಿಲ್ಲ. ಅವನು ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಮಾತಾಡತೊಡಗಿದ.

ಊರಿನವರು ಆಡಿದ ಮಾತು ಹೇಳಿದ. ತಾಯಿ ಮುದ್ದೆಯಂತೆ ಮೂಲೆ ಹಿಡಿದದ್ದು ಹೇಳಿದ. ಅಂಗಡಿಯ ಮುಂದೆ ಹುಡುಗರು ನಗುವುದನ್ನು ಹೇಳಿದ. ಅವಳು ಆಮ್ಯಾಲೆ ಎನ್ನುತ್ತಿದ್ದಳು. ತಲೆಯಾಡಿಸುತ್ತಿದ್ದಳು. ತನ್ನ ಮುಖದ ಮೇಲೆ ಕನಿಕರ ಕಾಣುತ್ತಿದೆಯೋ ಹೆದರಿಕೆ ಕಾಣುತ್ತಿದೆಯೋ ಅವಳಿಗೆ ತಿಳಿಯುತ್ತಿರಲಿಲ್ಲ. ಅವನು ಹೇಳಿದ್ದರಲ್ಲಿ ಕೆಲವು ಸುಳ್ಳಾಗಿರಲೂ ಇಲ್ಲ. ನೀವು ಹೊಡೆದಿರಾ ಎಂದು ಅವಳು ಕೇಳಲಿಲ್ಲ. ಅವನಾಗಿಯೇ ಒಂದು ಸಲ, ತಿದ್ದಬೇಕಾಗ್ತದಲ್ರಿ ಎಂದ. ಹಾಗೆನ್ನುವಾಗ ಅವನ ಬೆರಳುಗಳು ಚೀಲದ ಕಿವಿಯನ್ನು ಸುತ್ತಿ ಸುತ್ತಿ ಬಿಗಿ ಮಾಡಿದವು.

ರೈಲುಗಳು ಬಂದವು, ಹೋದವು. ಜನ ತುಂಬಿಕೊಂಡರು, ಖಾಲಿಯಾದರು. ಮೂರೂ ಮುಕ್ಕಾಲಿಗೆ ಅಂಗೈಯ ಕೆಳಗೆ ಮೊಬೈಲು ನಡುಗಿತು. ನಿಂತಿತು. ಒಂದು. ಅವಳು ಕಾದಳು. ಎರಡನೆಯದು ಬರಲಿಲ್ಲ.

“ಯಾರೋ ಫೋನ್ ಮಾಡ್ಯಾರ,” ಎಂದ ಬಸವಂತ. “ನೋಡ್ರಿ.”

ಇರಲಿ, ಕಾಲೇಜಿನವರು ಎಂದಳು. ನೋಡ್ರಿ ಎಂದು ಮತ್ತೆ ಹೇಳಿದ. ಈ ಸಲ ಅವನ ದನಿ ಇನ್ನೂ ತಗ್ಗಿತ್ತು. ಅವನ ಕಣ್ಣು ಅವಳ ಕೈ ಮೇಲಿತ್ತು. ವಿಜಯಲಕ್ಷ್ಮಿ ಮೊಬೈಲು ಎತ್ತಿ ತಿರುಗಿಸಿದಳು. ಪರದೆಯ ಮೇಲೆ ಮೀನಾಕ್ಷಮ್ಮನ ಹೆಸರಿತ್ತು. ಅವನೂ ಬಗ್ಗಿ ಓದಿದ. ಅವಳು ಅದನ್ನು ಮತ್ತೆ ಬೋರಲು ಹಾಕಿದಳು. ಸೆರಗು ಸರಿಮಾಡಿಕೊಂಡಳು. ಮಾರಮ್ಮನ ಹೆಸರು ಅಲ್ಲಿ ಬಂದಿದ್ದರೆ? ‘ಮಾರಮ್ಮ ತಿಲಕ್ ನಗರ’ ಎಂದೇ ಆ ನಂಬರನ್ನು ಬರೆದಿಟ್ಟುಕೊಂಡಿದ್ದಳು.

ಅವನು ಎದ್ದು ನಿಂತ. ಮಾತು ಸಾಕು ಎಂದ. ನಡೆಯಿರಿ, ಮನೆ ತೋರಿಸಿ ಎಂದ. ಅವಳು ಕೂತೇ ಇದ್ದಳು. ಇನ್ನೊಂದು ವಿಷಯ ಕೇಳುವುದಿದೆ ಎಂದಳು. ಏನು ಕೇಳಬೇಕೆಂದು ಅವಳಿಗೇ ಗೊತ್ತಿರಲಿಲ್ಲ. ಬಾಯಿಗೆ ಬಂದದ್ದು, ಉಮಾಶ್ರೀಗೆ ಆ ಹೆಸರಿಟ್ಟವರು ಯಾರು ಎಂಬ ಪ್ರಶ್ನೆ.

ಬಸವಂತ ತಿರುಗಿ ನೋಡಿದ. ತನ್ನ ಅಕ್ಕ, ಎಂದ. ಸತ್ತುಹೋದಳು, ಎಂದ. ಹಾಗೆಂದವನು ಮತ್ತೆ ಕೂತ. ಆ ಅಕ್ಕನನ್ನು ಕೊಟ್ಟ ಮನೆಯ ವಿಚಾರ ಹೇಳತೊಡಗಿದ. ಅವಳ ಗಂಡ ಅವಳನ್ನು ಹೇಗೆ ನಡೆಸಿಕೊಂಡ ಎಂದು ಹೇಳುತ್ತ ಅವನ ದವಡೆ ಬಿಗಿದುಕೊಂಡಿತು. ತಾನು ಏನು ಹೇಳುತ್ತಿದ್ದೇನೆ ಎಂಬುದು ಅವನಿಗೆ ಕೇಳಿಸುತ್ತಿರಲಿಲ್ಲ. ವಿಜಯಲಕ್ಷ್ಮಿಗೆ ಕೇಳಿಸುತ್ತಿತ್ತು. ಅದು ಅವಳ ಹೆದರಿಕೆಯನ್ನು ಒಂದಿಷ್ಟೂ ಕಡಿಮೆ ಮಾಡಲಿಲ್ಲ.

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಮೊಬೈಲು ನಡುಗಿ ನಿಂತಿತು. ಮತ್ತೆ ನಡುಗಿ ನಿಂತಿತು. ಮತ್ತೆ.

ಅವಳು ಎದ್ದಳು. ಪಕ್ಕಕ್ಕೂ ನೋಡದೆ ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತಿದ್ದ ಕಾವಲಿನ ಹೆಂಗಸಿನ ಬಳಿಗೆ ನಡೆದು, ಆ ಬಿಳಿ ಅಂಗಿಯವರು ನನ್ನ ಹಿಂದೆ ಬಿದ್ದಿದ್ದಾರೆ, ಪೊಲೀಸರನ್ನು ಕರೆಯಿರಿ ಎಂದಳು. ಬಸವಂತ ಅಲ್ಲಿಯತನಕ ಹಿಂದೆಯೇ ಬಂದಿದ್ದ. ಓಡಲಿಲ್ಲ, ಗದ್ದಲ ಮಾಡಲಿಲ್ಲ. ತನ್ನನ್ನು ಇಷ್ಟು ಹೊತ್ತು ಕೂರಿಸಿಕೊಂಡದ್ದೇಕೆಂದು ಅವನಿಗೆ ತಿಳಿದಿತ್ತೆಂದು ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು.

“ನಿಮ್ಮ ಮಾರೀನೂ ಗುರ್ತ್ ಆತು ನನಗ,” ಎಂದ. “ಕಾಲೇಜೂ ಗೊತ್ತಾತು. ಬರ್ತೀನ್ರಿ ಅಕ್ಕೋರ.”

ಚೀಲ ಹೆಗಲಿಗೇರಿಸಿ ಇಳಿದು ಹೋದ. ಪೊಲೀಸರು ಬರುವಷ್ಟರಲ್ಲಿ ಕೆಳಗಿನ ಬಸ್ ನಿಲ್ದಾಣದ ಜನರೊಳಗೆ ಸೇರಿಹೋಗಿದ್ದ.

ಠಾಣೆಯಲ್ಲಿ ಹೇಳಿಕೆ ಬರೆಸಿ, ಒಬ್ಬ ಮಹಿಳಾ ಕಾನ್‌ಸ್ಟೇಬಲ್ ಜೊತೆ ವಿಜಯಲಕ್ಷ್ಮಿ ತಲಘಟ್ಟಪುರ ತಲುಪಿದಾಗ ಸಂಜೆ ಆರೂವರೆ. ಮಾರಮ್ಮ ತಾಯಿಮಗಳನ್ನು ತನ್ನ ಅಕ್ಕನ ಮನೆಗೆ ಕರೆತಂದಿದ್ದಳು. ಶಾಲೆಯಲ್ಲಿ ಮೇಷ್ಟರು ಮಗುವನ್ನು ಕಳಿಸಲು ಒಪ್ಪದೆ ತಡವಾಯಿತಂತೆ. ಕಾರ್ಖಾನೆಯ ಗೇಟಿನಲ್ಲಿ, ಶಿವವ್ವನ ಮಗುವಿಗೆ ಜ್ವರ ಏರಿ ಕಣ್ಣು ಮೇಲಾಗಿದೆ ಎಂದು ಕೂಗಾಡಿ ಅವಳನ್ನು ಹೊರಗೆ ಕರೆಸಿದ್ದಳಂತೆ. ಉಮಾಶ್ರೀ ನಡುಮನೆಯಲ್ಲಿ ಬಿಸ್ಕತ್ತು ತಿನ್ನುತ್ತಿದ್ದಳು. ಮಾರಮ್ಮ ಅವಳನ್ನು ಕೋಳಿಮರಿ ತೋರಿಸುವ ನೆಪದಲ್ಲಿ ಹಿತ್ತಿಲಿಗೆ ಕರೆದೊಯ್ದಳು.

ಶಿವವ್ವ ಗೋಡೆಗೆ ಒರಗಿ ಕೂತಿದ್ದಳು. ಮಾರಮ್ಮನಿಂದ ಅವಳಿಗೆ ಗೊತ್ತಾದದ್ದು ಗಂಡ ಬಂದಿದ್ದಾನೆ ಎಂಬುದಷ್ಟೇ. ಹೇಗೆ ಬಂದ ಎಂಬುದು ಗೊತ್ತಿರಲಿಲ್ಲ. ಮೆಟ್ರೋದ ಬೆಂಚಿನ ಮೇಲೆ ಆಗದಿದ್ದಷ್ಟು ಹೆದರಿಕೆ ವಿಜಯಲಕ್ಷ್ಮಿಗೆ ಈಗ ಆಯಿತು. ಎದುರಿಗೆ ನೆಲದ ಮೇಲೆ ಕೂತು, ಸುತ್ತುಬಳಸದೆ, ನಿಮ್ಮ ದನಿಯನ್ನು ಹೊರಗಿನವರಿಗೆ ನಾನೇ ಕೇಳಿಸಿದೆ, ನನ್ನಿಂದಲೇ ಅವನು ಬಂದ ಎಂದು ಹೇಳಿದಳು.

ಅದನ್ನು ಕೇಳಿಸಿ ಎಂದಳು ಶಿವವ್ವ. ವಿಜಯಲಕ್ಷ್ಮಿ ತಂಗಿ ಕಳಿಸಿದ್ದ ವಿಡಿಯೋ ಹಾಕಿದಳು. ತನ್ನ ದನಿಯನ್ನು ಶಿವವ್ವ ಬೇರೆ ಯಾರದೋ ಎಂಬಂತೆ ತಲೆ ಓರೆ ಮಾಡಿ ಕೇಳಿದಳು.

“ಇಷ್ಟ ಅಳ್ತಿದ್ದೆನು ನಾನು?” ಎಂದಳು. ವಿಡಿಯೋ ಮುಗಿದ ಮೇಲೆ, “ನಿಮ್ಮ ಹುಡುಗರು ಕೇಳ್ತಾರ ಅಂದಿದ್ರಿ.”

“ಹೌದು.”

“ಎರಡು ವರ್ಸ ಆತ್ರಿ ಅಕ್ಕೋರ. ಬಾಗಲಾ ತಗದು ಮಲಗೂದು ಈಗೀಗ ರೂಢಿ ಆಗಿತ್ತು ಕೂಸಿಗೆ.”

ಅದಕ್ಕಿಂತ ಹೆಚ್ಚು ಅವಳು ಬಯ್ಯಲಿಲ್ಲ. ವಿಜಯಲಕ್ಷ್ಮಿ ಕ್ಷಮೆ ಕೇಳಿದಳು. ಶಿವವ್ವ ಬಾಗಿಲಲ್ಲಿ ನಿಂತಿದ್ದ ಕಾನ್‌ಸ್ಟೇಬಲ್ ಕಡೆ ತಿರುಗಿ, ಈಗ ಕಂಪ್ಲೇಂಟು ಕೊಟ್ಟರೆ ಏನಾಗುತ್ತದೆ ಎಂದು ವಿಚಾರಿಸಿದಳು. ಸಾಕ್ಷಿ ಏನಿದೆ ಎಂದು ಆಕೆ ಕೇಳಿದಾಗ ಶಿವವ್ವ ವಿಜಯಲಕ್ಷ್ಮಿಯನ್ನು ನೋಡಿದಳು. ಆರು ತಾಸು ಹೇಳಿದ್ದೇನಲ್ಲ, ಅದೆಲ್ಲ ನನಗೆ ಕೊಡಿ ಎಂದಳು. ನಿಮ್ಮ ಹತ್ತಿರ ಒಂದಕ್ಷರವೂ ಉಳಿಯಬಾರದು ಎಂದಳು.

ಮರುದಿನವೇ ವಿಜಯಲಕ್ಷ್ಮಿ ಆರು ತಾಸಿನ ಮುದ್ರಣವನ್ನು ಪೆನ್‌ಡ್ರೈವಿಗೆ ಹಾಕಿ ಅವಳ ಕೈಗೆ ಕೊಟ್ಟಳು. ಅವಳ ಎದುರೇ ತನ್ನ ಲ್ಯಾಪ್‌ಟಾಪಿನಿಂದ ಎಲ್ಲವನ್ನೂ ಅಳಿಸಿದಳು. ಸಂಶೋಧನೆಯ ನೀತಿ ನೋಡುವ ಎಥಿಕ್ಸ್ ಕಮಿಟಿಗೆ ತನ್ನ ತಪ್ಪನ್ನು ತಾನೇ ಬರೆದು ಕೊಟ್ಟಳು. ಪಿಎಚ್‌ಡಿ ಒಂದು ವರ್ಷ ನಿಂತಿತು. ಹೊರದೇಶದವರು ನಾಲ್ಕು ತಾಸಿನಲ್ಲಿ ವಿಡಿಯೋ ತೆಗೆದಿದ್ದರು, ಬಹಳ ನೊಂದು ಪತ್ರ ಬರೆದಿದ್ದರು. ಮುಂದಿನ ಸಭೆಯಲ್ಲಿ ಈ ಘಟನೆಯನ್ನೇ ಪಾಠವಾಗಿ ಮಂಡಿಸಬಹುದೇ ಎಂದು ಕೊನೆಯಲ್ಲಿ ಕೇಳಿದ್ದರು. ಮರುಳಸಿದ್ದಪ್ಪನವರಿಗೆ ಆಸೆಯಿತ್ತು. ವಿಜಯಲಕ್ಷ್ಮಿ ಒಪ್ಪಲಿಲ್ಲ.

ವಾಟ್ಸಾಪಿನಲ್ಲಿದ್ದದ್ದನ್ನು ಮಾತ್ರ ಯಾರಿಗೂ ತೆಗೆಯಲಾಗಲಿಲ್ಲ.

ಒಂದೂವರೆ ತಿಂಗಳ ಮೇಲೆ ನ್ಯಾಯಾಲಯ ಶಿವವ್ವನಿಗೆ ರಕ್ಷಣೆಯ ಆದೇಶ ಕೊಟ್ಟಿತು. ಬಸವಂತ ಅದೇ ಇಸ್ತ್ರಿ ಅಂಗಿಯಲ್ಲಿ ಬಂದು, ಕೈಕಟ್ಟಿ ನಿಂತು, ಹೇಳಿದ್ದಕ್ಕೆಲ್ಲ ಆಗಲಿ ಎಂದು ಊರಿಗೆ ಹೋದ. ಹೋದನೆಂದು ಅವನ ವಕೀಲರು ಹೇಳಿದರು. ಅದಾದ ವಾರದಲ್ಲಿ ಶಿವವ್ವ ಮಗಳನ್ನು ಕರೆದುಕೊಂಡು ಬೇರೆ ಕಡೆಗೆ ಹೊರಟಳು. ಹೊರಡುವ ಮುಂಚೆ ವಿಜಯಲಕ್ಷ್ಮಿಗೆ ಫೋನು ಮಾಡಿ, ಅಂದು ಅವನನ್ನು ಕೂರಿಸಿಕೊಂಡಿದ್ದಿರಂತೆ, ಮಾರಮ್ಮ ಹೇಳಿದಳು ಎಂದಳು. ಅಷ್ಟರಲ್ಲೇ ಇತ್ತು ಅವಳು ಹೇಳಬೇಕೆಂದದ್ದು.

“ಎಲ್ಲಿಗೆ ಹೊಂಟೀರಿ?” ಎಂದು ವಿಜಯಲಕ್ಷ್ಮಿ ಕೇಳಿಬಿಟ್ಟಳು.

“ನಿಮಗ ಹೇಳೂದಿಲ್ರಿ ಅಕ್ಕೋರ,” ಎಂದಳು ಶಿವವ್ವ. ದನಿಯಲ್ಲಿ ಸಿಟ್ಟಿರಲಿಲ್ಲ. ಮರುದಿನದಿಂದ ಆ ನಂಬರು ಚಾಲ್ತಿಯಲ್ಲಿರಲಿಲ್ಲ.

ಈಗಲೂ ಕಾಲೇಜಿನ ಗೇಟು ದಾಟುವಾಗ ವಿಜಯಲಕ್ಷ್ಮಿ ಎದುರಿನ ಫುಟ್‌ಪಾತನ್ನು ಒಮ್ಮೆ ನೋಡುತ್ತಾಳೆ. ದಿನಕ್ಕೊಂದು ದಾರಿಯಲ್ಲಿ ಬಿಟಿಎಂಗೆ ಹೋಗುತ್ತಾಳೆ. ಪಕ್ಕದಲ್ಲಿ ಯಾರಾದರೂ ಒಣಗಿದ ಕೆಮ್ಮು ಕೆಮ್ಮಿದರೆ ಬಸ್ಸಿನಿಂದ ಇಳಿದುಬಿಡುತ್ತಾಳೆ. ಈ ವರ್ಷದ ಹೊಸ ತಂಡಕ್ಕೆ ಒಪ್ಪಿಗೆಯ ಪಾಠ ಬಂದಾಗ ಪುಸ್ತಕ ಮುಚ್ಚಿಟ್ಟು, ಊರಿನ ಹೆಸರು, ಬಡಾವಣೆಯ ಹೆಸರು ಯಾವುದನ್ನೂ ಹೇಳದೆ, ತಾನು ಮಾಡಿದ್ದನ್ನು ಮಾತ್ರ ಹೇಳಿದಳು. ಹೇಳುವಾಗ ಸೀಮೆಸುಣ್ಣ ಹಿಡಿದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದಳು. ಮುಂದಿನ ಸಾಲಿನ ಹುಡುಗಿಯೊಬ್ಬಳು, ಈಗ ಅವರು ಎಲ್ಲಿದ್ದಾರೆ ಮೇಡಂ ಎಂದು ಕೇಳಿದಳು.

ಗೊತ್ತಿಲ್ಲ ಎಂದಳು ವಿಜಯಲಕ್ಷ್ಮಿ. ಆಮೇಲೆ ಹಾಜರಿ ಪುಸ್ತಕ ತೆಗೆದು ಹೆಸರು ಕರೆಯತೊಡಗಿದಳು.